ರಾಜೀನಾಮೆಗೆ ಪೂರ್ತಿ ಅಂಕ

ಇಂಗ್ಲಿಷರ ನಾಡಿನ ರೇಕ್‌ಡೆನ್ ಎಂಬ ಊರಿನಲ್ಲಿ ಪಾರಿವಾಳ ಸಾಕುವ ಫ್ರೆಡ್ ಎಂಬವನ ಅಡುಗೆಮನೆಗೆ ಬೆಂಕಿ ಹತ್ತಿಕೊಂಡಾಗ ಅವನು ಬೆಂಕಿ ಆರಿಸುವವರಿಗೆ ಫೋನು ಮಾಡಿ, "ಹಸಿದ ಹುಲಿ ಒಂದು ನನ್ನ ಕಿಟಕಿ ಪರದೆ ನೆಕ್ತಾ ಇದೆ, ಬೇಗ ಬನ್ರಪ್ಪಾ" ಎಂದನಂತೆ. ಆ ಕಡೆಯವನು ಸ್ವಲ್ಪ ಹೊತ್ತು ಯೋಚಿಸಿ, "ರೂಪಕ ಸರಿಯಾಗಿದೆ. ಆದ್ರೆ ಹುಲಿ ಬಳಸಿ ಬಳಸಿ ಸವೆದುಹೋಗಿದೆ ಕಣೋ. ಬೇರೆ ಪ್ರಾಣಿ ಏನಾದ್ರೂ ಹೊಳೀತಾ?" ಎಂದು ಕೇಳಿದನಂತೆ. ಇಬ್ಬರೂ ಸೇರಿ ತೋಳವೇ ಸಾಕು ಎಂಬ ತೀರ್ಮಾನಕ್ಕೆ ಬರುವಷ್ಟರಲ್ಲಿ ಅಡುಗೆಮನೆ ಬೂದಿಯಾಗಿ, ಹಿತ್ತಲಿನ ಪಾರಿವಾಳಗಳು ಪಕ್ಕದ ಜಿಲ್ಲೆಗೆ ವಲಸೆ ಹೋಗಿದ್ದವು. ಈ ಕಥೆಯಲ್ಲಿ ಅರ್ಧ ಸುಳ್ಳು ಎನ್ನುವವರು ಊರಿನಲ್ಲಿದ್ದಾರೆ. ಯಾವ ಅರ್ಧ ಎಂದು ಕೇಳಿದರೆ ಮಾತ್ರ ಅವರವರಲ್ಲೇ ಜಗಳವಾಗುತ್ತದೆ.

ಫ್ರೆಡ್‌ನೂ ಫೋನು ಎತ್ತಿದವನೂ ಮಿಸ್ ನೋರೀನ್ ಗ್ರಿಮ್‌ಶಾಳ ಶಿಷ್ಯರು. ಆ ಊರಿನಲ್ಲಿ ಅವಳ ಶಿಷ್ಯರಲ್ಲದವರನ್ನು ಹುಡುಕಬೇಕಾದರೆ ಚರ್ಚಿನ ಹಿಂದೆ ಹೋಗಿ ಪಾಚಿ ಹಿಡಿದ ಗೋರಿಗಳನ್ನು ಓದಬೇಕು. ಬೆಟ್ಟದ ಬುಡದ ಹೈಸ್ಕೂಲಿನಲ್ಲಿ ಅವಳು ಇಂಗ್ಲಿಷ್ ಕಲಿಸಲು ಶುರುಮಾಡಿದಾಗ ಹತ್ತಿ ಗಿರಣಿಯ ಚಿಮಣಿ ಇನ್ನೂ ಹೊಗೆ ಬಿಡುತ್ತಿತ್ತು. ಈಗ ಆ ಗಿರಣಿಯೊಳಗೆ ಸೋಫಾ ಮಾರುತ್ತಾರೆ. ಚಿಮಣಿಯ ತುದಿಯಲ್ಲಿ ಒಂದು ಗಿಡ ಬೆಳೆದು ಮರವಾಗಿದೆ. ನೋರೀನ್ ಮಾತ್ರ ಅದೇ ಕೋಣೆಯಲ್ಲಿ, ಅದೇ ಕಿಟಕಿಯ ಪಕ್ಕದಲ್ಲಿ ಇದ್ದಳು. ಆ ಕಿಟಕಿಗೆ ವರ್ಷವರ್ಷವೂ ಬಣ್ಣ ಬಳಿದು ಬಳಿದು ಅದು ಚೌಕಟ್ಟಿಗೇ ಅಂಟಿಕೊಂಡು, ತೆರೆಯುವುದನ್ನು ಬಿಟ್ಟುಬಿಟ್ಟಿತ್ತು.

ಅವಳ ತಾಯಿ ಆ ಗಿರಣಿಯಲ್ಲೇ ನೇಯುತ್ತಿದ್ದವಳು. ನೂರಾರು ಮಗ್ಗಗಳ ಆರ್ಭಟದಲ್ಲಿ ಅಲ್ಲಿನ ಹೆಂಗಸರಿಗೆ ಕಿವಿಯ ಆಸೆ ಬಿಟ್ಟುಹೋಗಿತ್ತು. ದನಿ ಇಲ್ಲದೆ ತುಟಿಯನ್ನೇ ಅಗಲವಾಗಿ ಆಡಿಸಿ ಮಾತಾಡಿಕೊಳ್ಳುತ್ತಿದ್ದರು. ತುಟಿಯಿಂದ ಓದಿಕೊಳ್ಳಬೇಕಾದ ಮಾತಿಗೆ ಬಳುಕು ಬಾಗು ಎಲ್ಲಿಂದ ಬರಬೇಕು? ಮನೆಗೆ ಬಂದ ಮೇಲೂ ತಾಯಿಗೆ ಅದೇ ಅಭ್ಯಾಸ. "ಬಾ." "ತಿನ್ನು." "ಮಲಕ್ಕೋ." ಅಪ್ಪ ಸತ್ತ ದಿನವೂ ಅವಳು ಬಾಗಿಲಲ್ಲಿ ನಿಂತು ತುಟಿಯಲ್ಲೇ "ಹೋದ್ರು" ಎಂದು ಹೇಳಿ ಕೋಟು ಬಿಚ್ಚಿಟ್ಟಳು. ದೊಡ್ಡ ಮಗಳು ಥೆಲ್ಮಾ ತಾಯಿಯದೇ ಅಚ್ಚು. ಅವಳ ಒಂದು ಮಾತಿಗೆ ಒಂದೇ ಅರ್ಥ, ಅದೂ ಆದಷ್ಟು ಸಣ್ಣದು. ಚಿಕ್ಕವಳು ನೋರೀನ್‌ಗೆ ಮಾತ್ರ ಮಾತಿನ ಹಸಿವು. ಒಂದು ದಿನ ಶಾಲೆಯಲ್ಲಿ ಮುದಿ ಮೇಷ್ಟ್ರೊಬ್ಬರು ಕಿಟಕಿಯಾಚೆ ನೋಡಿ, ಮಂಜು ಬೆಟ್ಟದ ಮೇಲೆ ಕಾವಿಗೆ ಕೂತ ಕೋಳಿಯ ಹಾಗಿದೆ ಎಂದರು. ನೋರೀನ್ ತಲೆ ಎತ್ತಿ ನೋಡಿದಳು. ಹುಟ್ಟಿದಾಗಿನಿಂದ ಅಲ್ಲೇ ಬಿದ್ದಿದ್ದ ಬೋಳು ಬೆಟ್ಟ ಆವತ್ತು ಬೆಚ್ಚಗಿನ ಮೊಟ್ಟೆಯಾಗಿ ಕಂಡಿತು. 'ಹಾಗೆ' ಎಂಬ ಒಂದು ಸಣ್ಣ ಪದ ಇಷ್ಟು ಮಾಡಬಲ್ಲುದಾದರೆ ಬಾಳೆಲ್ಲ ಅದರ ಹಿಂದೆಯೇ ಹೋಗಬಹುದು ಎಂದುಕೊಂಡಳು. ಹಾಗೇ ಹೋದಳು ಕೂಡ.

ಟೀಚರಾದ ಮೇಲೆ ಅವಳು ಇಂಗ್ಲಿಷಿನ ಅಲಂಕಾರಗಳನ್ನೆಲ್ಲ ಚಪ್ಪಾಳೆ ತಟ್ಟಿ ಹೇಳುವ ಒಂದು ಹಾಡು ಕಟ್ಟಿದಳು. ಕನ್ನಡದಲ್ಲಿ ಹೇಳಿದರೆ ಅದು ಹೀಗಿದೆ:

ಉಪಮೆ, ರೂಪಕ, ಅನುಪ್ರಾಸ,
ಕೇಳಿದ ಪ್ರಶ್ನೆಗೆ ಉತ್ತರ ಮೋಸ;
ಮೂರು ಮಾತನು ಸಾಲಲಿ ಹೇಳು,
ಪರೀಕ್ಷಕನೆದೆ ಆಗಲಿ ಹೋಳು!

ಇದನ್ನು ಹಾಡುತ್ತಾ ಮಕ್ಕಳು ಕಾರಿಡಾರಿನಲ್ಲಿ ನಡೆದರೆ ಗೋಡೆಯ ಸುಣ್ಣ ಉದುರುತ್ತಿತ್ತು. ಹುಡುಗರು ಫುಟ್‌ಬಾಲ್ ಮೈದಾನದಲ್ಲಿ ಇದನ್ನೇ ಕೂಗಿ ಎದುರಾಳಿಗಳನ್ನು ದಿಗಿಲುಪಡಿಸುತ್ತಿದ್ದರು. ಅದರ ಜೊತೆಗೆ ಅವಳದೊಂದು ಸೂತ್ರವಿತ್ತು: "ಏನು ಹೇಳಿದ್ದಾರೆ ಅನ್ನೋದು ಅವರ ಪಾಡಿಗೆ ಇರ್ಲಿ. ಹೇಗೆ ಹೇಳಿದ್ದಾರೆ ನೋಡ್ರೋ. ಅಂಕ ಇರೋದು ಅಲ್ಲಿ." ಹದಿನಾರನೆಯ ವಯಸ್ಸಿಗೆ ಬರೆಯುವ ದೊಡ್ಡ ಪರೀಕ್ಷೆಯಲ್ಲಿ ರೇಕ್‌ಡೆನ್ನಿನ ಮಕ್ಕಳಿಗೆ ಬೀಳುತ್ತಿದ್ದ ಅಂಕ ನೋಡಿ ಲಂಡನ್ನಿನಿಂದ ತನಿಖೆಯವರು ಬಂದು ಊರಿನ ಕುಡಿಯುವ ನೀರನ್ನು ಸೀಸೆಯಲ್ಲಿ ತುಂಬಿಸಿಕೊಂಡು ಹೋದರು ಎಂದು ಹೇಳುತ್ತಾರೆ.

ಮಕ್ಕಳು ದೊಡ್ಡವರಾದರು, ಪಾಠ ಮಾತ್ರ ಅವರನ್ನು ಬಿಡಲಿಲ್ಲ. ಮಾಂಸದಂಗಡಿಯ ಟೆರಿ ಬಾಗಿಲಿನ ಹಲಗೆಯ ಮೇಲೆ 'ತಾಜಾ, ತೆಳು, ತೃಪ್ತಿಕರ' ಎಂದು ಬರೆಸಿದ. ಊರಿನ ಗಂಡಂದಿರು ಬೇರೆಯೇ ಉಪಯೋಗ ಕಂಡುಕೊಂಡರು. ಹೆಂಡತಿ "ನಾನೇನು ಈ ಮನೆ ಕೆಲಸದವಳಾ?" ಎಂದು ಕೂಗಿದರೆ, ಇದು ಉತ್ತರ ಬಯಸದ ಪ್ರಶ್ನೆ, ಪರಿಣಾಮಕ್ಕಾಗಿ ಕೇಳಿದ್ದು ಎಂದುಕೊಂಡು ಪತ್ರಿಕೆಯ ಪುಟ ತಿರುಗಿಸುತ್ತಿದ್ದರು. ಹೆಂಡತಿಯರೂ ಅದೇ ಶಾಲೆಯವರೇ. ಅದೇ ಪ್ರಶ್ನೆಯನ್ನು ಪದೇ ಪದೇ ಕೇಳಿ, ಪುನರುಕ್ತಿಯ ಬಲದಿಂದ ಪಾತ್ರೆ ತೊಳೆಸುತ್ತಿದ್ದರು.

ಇದೆಲ್ಲ ನೋರೀನ್‌ಗೆ ಬಹಳ ವರ್ಷ ಹೆಮ್ಮೆಯ ಸಂಗತಿಯಾಗಿತ್ತು. ಹೆಮ್ಮೆ ಯಾವಾಗ ಬೋನಾಯಿತು ಎಂದು ಅವಳಿಗೇ ಸರಿಯಾಗಿ ನೆನಪಿಲ್ಲ. ಬಹುಶಃ ಡಾಕ್ಟರ್ ಶಬಾನಾ ಮಿರ್ಜಾಳ ಹತ್ತಿರ ಮಂಡಿ ತೋರಿಸಲು ಹೋದ ದಿನ ಇರಬೇಕು.

"ಹೇಗೆ ನೋವು ಮಿಸ್?" ಎಂದು ಶಬಾನಾ ಕೇಳಿದ್ದಳು.

"ಒಳಗೆ ಯಾರೋ ತುಕ್ಕು ಹಿಡಿದ ಬೀಗ ತಿರುಗಿಸಿದ ಹಾಗೆ ಕಣಮ್ಮ."

ಡಾಕ್ಟರ ಕಣ್ಣು ತುಂಬಿ ಬಂತು. "ಮಿಸ್! ಇಲ್ಲಿಗೆ ಬರೋರೆಲ್ಲ 'ಉಪಮೆ ಹೇಳಿ' ಅಂದ್ರೆ 'ಸೂಜಿ ಚುಚ್ಚಿದ ಹಾಗೆ' ಅಂತಾರೆ. ತುಕ್ಕು ಹಿಡಿದ ಬೀಗ! ಇನ್ನೊಂದ್ಸಲ ಹೇಳಿ, ಬರ್ಕೋತೀನಿ." ಬರೆದುಕೊಂಡಳು. ಮಂಡಿಯನ್ನು ಮುಟ್ಟಿ ನೋಡುವುದು ಮರೆತುಹೋಯಿತು. ನೋರೀನ್ ಕುಂಟುತ್ತಾ ಮನೆಗೆ ಬಂದಳು.

ಆಮೇಲಿಂದ ಅವಳು ಗಮನಿಸತೊಡಗಿದಳು. ಊರಿನಲ್ಲಿ ಅವಳು ಆಡಿದ ಮಾತು ಯಾರ ಕಿವಿಯಿಂದಲೂ ಒಳಕ್ಕೆ ಇಳಿಯುತ್ತಿರಲಿಲ್ಲ. ಕಿವಿಯ ಬಾಗಿಲಲ್ಲೇ ಅದನ್ನು ತಡೆದು, ತಿರುಗಿಸಿ ನೋಡಿ, ಮೆಚ್ಚಿ, ವಾಪಸ್ಸು ಕಳಿಸುತ್ತಿದ್ದರು. ಟೆರಿಯ ಅಂಗಡಿಯಲ್ಲಿ "ಒಂದು ಆಲೂಗಡ್ಡೆ ಪೈ ಕೊಡಪ್ಪ" ಎಂದರೆ, ಅವನು ಸಾಲಿನಲ್ಲಿ ನಿಂತವರ ಕಡೆ ತಿರುಗಿ, "ಕೇಳಿದ್ರಾ? ಒಂದು ವಿಶೇಷಣ ಇಲ್ಲ. ಏನು ಸಂಯಮ!" ಎನ್ನುತ್ತಿದ್ದ. ಹಿಂದಿನವರು ತಲೆದೂಗುತ್ತಿದ್ದರು. ಪೈ ತಣ್ಣಗಾಗುತ್ತಿತ್ತು.

ಈ ಊರಿನಿಂದ ಹೊರಬೀಳುವ ದಾರಿ ಅವಳಿಗೆ ಒಂದೇ ಇತ್ತು. ಅಕ್ಕ ಥೆಲ್ಮಾ ಮಾರ್‌ಸ್ಯಾಂಡ್ಸ್ ಎಂಬ ಕಡಲತೀರದ ಊರಿನಲ್ಲಿ ಟೀ ಅಂಗಡಿ ನಡೆಸುತ್ತಿದ್ದಳು. ಅಂಗಡಿಯ ಮೇಲೆ ಒಂದು ಕೋಣೆ, ಅದಕ್ಕೆ ಕಡಲಿನ ಕಡೆಗೆ ತೆರೆಯುವ ಕಿಟಕಿ. ನೋರೀನ್ ಕೆಲಸ ಬಿಟ್ಟ ದಿನ ಆ ಕೋಣೆ ಅವಳದು ಎಂದು ಅಕ್ಕ ಎಂದೋ ಹೇಳಿದ್ದಳು. ಆದರೆ ಕೆಲಸ ಬಿಡುವುದಕ್ಕೆ ಶಾಲೆಗಳಲ್ಲಿ ಒಂದು ಕಟ್ಟುಪಾಡು ಇದೆ. ಅಲ್ಲಿನ ಬೇಸಿಗೆಯ ಕೊನೆಗೆ, ಅಂದರೆ ಆಗಸ್ಟಿನಲ್ಲಿ, ಬಿಡುವವರು ಮೇ ತಿಂಗಳು ಮುಗಿಯುವುದರೊಳಗೆ ಕಾಗದ ಕೊಡಬೇಕು. ಹೆಡ್‌ಮಾಸ್ಟರು ಓದಿ, ಸಹಿ ಹಾಕಿ, ಆಡಳಿತ ಮಂಡಳಿಗೆ ಕಳಿಸಬೇಕು. ಜೂನ್ ಬಂತೋ, ಕ್ರಿಸ್‌ಮಸ್ಸಿನ ತನಕ ಕೈಕಾಲು ಕಟ್ಟಿದ ಹಾಗೆ. ಕ್ರಿಸ್‌ಮಸ್ಸಿಗೆ ಬಿಡೋಣವೆಂದರೆ ಪರೀಕ್ಷೆಯ ಮಕ್ಕಳನ್ನು ನಡುದಾರಿಯಲ್ಲಿ ಬಿಟ್ಟು ಹೋಗುವುದಕ್ಕೆ ನೋರೀನ್‌ನಂಥವರ ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ಒಂದು ಮೇ ತಪ್ಪಿದರೆ ಒಂದು ವರ್ಷವೇ ತಪ್ಪಿದಂತೆ.

ಹೆಡ್‌ಮಾಸ್ಟರು ಡ್ಯಾರೆನ್ ಬ್ಯಾಂಬರ್. ಅವನೂ ಅವಳ ಶಿಷ್ಯನೇ ಎಂದು ಬೇರೆ ಹೇಳಬೇಕೆ? ಚಿಕ್ಕಂದಿನಲ್ಲಿ ಮೂರನೇ ಸಾಲಿನಲ್ಲಿ ಕೂತು ಮೂಗು ಒರೆಸಿಕೊಳ್ಳುತ್ತಿದ್ದವನು ಈಗ ಸೂಟು ಹಾಕಿಕೊಂಡು ಒರೆಸಿಕೊಳ್ಳುತ್ತಿದ್ದ, ಅಷ್ಟೇ ವ್ಯತ್ಯಾಸ.

ಮೊದಲ ಸಲದ ರಾಜೀನಾಮೆಯಲ್ಲಿ ತಪ್ಪು ನೋರೀನ್‌ದೇ. ಕಾಗದವನ್ನು ಚೆನ್ನಾಗಿ ಬರೆದುಬಿಟ್ಟಳು. 'ಈ ಕೋಣೆಯ ಸೀಮೆಸುಣ್ಣವೆಲ್ಲ ನನ್ನ ಕೂದಲಿಗೆ ಇಳಿದಿದೆ. ಇನ್ನು ಕರಿಹಲಗೆಗೆ ಬರೆಯಲು ಏನೂ ಉಳಿದಿಲ್ಲ' ಎಂದು ಶುರುಮಾಡಿ, ದೋಣಿ, ದಡ, ಸಂಜೆ ಎಲ್ಲವನ್ನೂ ತಂದು ಕೂರಿಸಿದ್ದಳು. ಡ್ಯಾರೆನ್ ಅದನ್ನು ಸಿಬ್ಬಂದಿ ಸಭೆಯಲ್ಲಿ ಗಟ್ಟಿಯಾಗಿ ಓದಿದ. ಓದುತ್ತಾ ಓದುತ್ತಾ ಬಿಕ್ಕಿದ. ಆಟದ ಮೇಷ್ಟರೂ ಕಣ್ಣು ಒರೆಸಿಕೊಂಡರು. ಮಾರನೆಯ ದಿನ ನೋರೀನ್ ತನ್ನ ತರಗತಿಗೆ ಕಾಲಿಟ್ಟರೆ, ಮಕ್ಕಳೆಲ್ಲ ಅವಳ ರಾಜೀನಾಮೆಯ ಪ್ರತಿಗಳನ್ನು ಮುಂದಿಟ್ಟುಕೊಂಡು ಬಣ್ಣಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದರು. ಹೆಡ್‌ಮಾಸ್ಟರು ಅದನ್ನು ಮಾದರಿ ಬರಹವೆಂದು ಪಾಠಕ್ಕೆ ಇಟ್ಟಿದ್ದರು.

ಕೋಪ ಬರಬೇಕಿತ್ತು. ಆದರೆ ಒಬ್ಬಳು ಸೀಮೆಸುಣ್ಣದ ವಾಕ್ಯದ ಕೆಳಗೆ 'ಉಪಮೆ' ಎಂದು ಬರೆದಿದ್ದು ಕಣ್ಣಿಗೆ ಬಿತ್ತು. "ಉಪಮೆ ಅಲ್ಲ ಕಣೇ, ರೂಪಕ! 'ಹಾಗೆ' ಎಲ್ಲಿದೆ ತೋರ್ಸು" ಎಂದು ಕೂತಳು ನೋಡಿ, ಏಳಲಿಲ್ಲ. ಪುಸ್ತಕಗಳನ್ನು ಮನೆಗೆ ಹೊತ್ತುಕೊಂಡು ಹೋಗಿ ತಿದ್ದಿದಳು. ಕೇಲೀ ಎಂಬ ಹುಡುಗಿ ಬರೆದಿದ್ದಳು: 'ಲೇಖಕಿ ನಿಜವಾಗಿ ಹೋಗುವುದಿಲ್ಲ. ಹೋಗುವುದು ಇಲ್ಲಿ ಮುಪ್ಪಿನ ಸಂಕೇತ.' ವಾದ ಎಷ್ಟು ಬಿಗಿಯಾಗಿತ್ತೆಂದರೆ ನೋರೀನ್ ಅದಕ್ಕೆ ಪೂರ್ತಿ ಅಂಕ ಕೊಟ್ಟು, ಕೊಟ್ಟ ಮೇಲೆ ತಲೆ ಎತ್ತಿ ನೋಡಿದರೆ ಜೂನ್ ಬಂದಿತ್ತು.

ಎರಡನೆಯ ವರ್ಷ ಕಾಗದದ ಸಹವಾಸವೇ ಬೇಡವೆಂದು ಬಾಯಲ್ಲೇ ಹೇಳಿದಳು. ಕಾರಿಡಾರಿನಲ್ಲಿ ಡ್ಯಾರೆನ್‌ನ ತೋಳು ಹಿಡಿದು ನಿಲ್ಲಿಸಿ, "ನೋಡು, ಇನ್ನೊಂದು ವರ್ಷ ಇಲ್ಲಿದ್ರೆ ನಾನು ಸತ್ತೇ ಹೋಗ್ತೀನಿ" ಎಂದಳು.

"ಅತಿಶಯೋಕ್ತಿ!" ಎಂದು ಡ್ಯಾರೆನ್ ಚಪ್ಪಾಳೆ ತಟ್ಟಿದ. "ಮಿಸ್, ಆ 'ಸತ್ತೇ' ಅನ್ನೋ ಒತ್ತು ಇದ್ಯಲ್ಲ, ಈಗಿನ ಮೇಷ್ಟ್ರುಗಳಿಗೆ ಅದು ಬರೋದೇ ಇಲ್ಲ ಮಿಸ್."

"ನಾನು ಆಟಕ್ಕೆ ಹೇಳ್ತಿಲ್ಲ ಕಣೋ."

"ಅಯ್ಯೋ, ಈಗ ವ್ಯಂಗ್ಯ ಬೇರೆ!" ಎಂದು ನಗುತ್ತಾ ಹೋದ.

ಕ್ರಿಸ್‌ಮಸ್ಸು ಕಳೆಯಿತು. ಚಳಿಯ ಕೊನೆಯಲ್ಲಿ ಥೆಲ್ಮಾ ಫೋನು ಮಾಡಿದಳು. ಅವಳು ಫೋನು ಮಾಡುವುದೇ ಅಪರೂಪ, ಮಾಡಿದರೆ ಕೂತು ಮಾತಾಡುವುದು ಇನ್ನೂ ಅಪರೂಪ.

"ಕೋಣೆ ಕೇಳ್ತಿದ್ದಾರೆ ಕಣೇ," ಎಂದಳು. "ದೋಣಿ ರಿಪೇರಿ ಮಾಡೋ ಗಂಡಸು. ಬಾಡಿಗೆ ಸರಿಯಾಗಿ ಕೊಡ್ತಾನೆ. ಈ ಬೇಸಿಗೆ ಕೊನೆಗೆ ನೀನು ಬರ್ತಿದ್ರೆ ಇಲ್ಲ ಅಂತೀನಿ. ಬರ್ದಿದ್ರೆ ಹೂಂ ಅಂತೀನಿ."

"ಥೆಲ್ಮಾ, ನಾನು ಎಷ್ಟು ಸಲ ಹೇಳಿದ್ರೂ ಇಲ್ಲಿ ಯಾರಿಗೂ—"

"ಬರ್ತೀಯೋ ಇಲ್ವೋ?"

"ಬರ್ತೀನಿ."

"ಎರಡು ವರ್ಷದಿಂದ ಬರ್ತೀನಿ ಅಂತಿದ್ದೀಯ" ಎಂದು ಅಕ್ಕ ಫೋನು ಇಟ್ಟಳು. ಅದರಲ್ಲಿ ಅಲಂಕಾರ ಹುಡುಕಿದರೆ ಒಂದೂ ಸಿಗುತ್ತಿರಲಿಲ್ಲ. ಇದ್ದದ್ದು ಬರೀ ಬೆದರಿಕೆ, ಅದೂ ಪ್ರಾಮಾಣಿಕವಾದದ್ದು.

ಹೀಗೆ ಮೂರನೆಯ ಮೇ ಬಂತು. ನೋರೀನ್ ಒಂದು ಶನಿವಾರ ಬೆಳಿಗ್ಗೆ ಕೂತು ರಾಜೀನಾಮೆ ಬರೆಯಲು ತೊಡಗಿ ಭಾನುವಾರ ಸಂಜೆ ಮುಗಿಸಿದಳು. ಬರೆಯುವುದಕ್ಕೆ ಕಷ್ಟವಾಗಲಿಲ್ಲ, ಅಳಿಸುವುದಕ್ಕೆ ಅಷ್ಟು ಹೊತ್ತು ಹಿಡಿಯಿತು. 'ತುಂಬಿದ ಮನಸ್ಸಿನಿಂದ' ಎಂದು ಬರೆದಿದ್ದಳು. ಮನಸ್ಸೇನು ಕೊಡವೇ ಎನ್ನಿಸಿ ಅದನ್ನು ತೆಗೆದಳು. 'ನೆಚ್ಚಿನ ನಮ್ಮ' ಎಂಬಲ್ಲಿ ಎರಡು ನಕಾರ ಕೂಡಿಬಂದು ಅನುಪ್ರಾಸದ ವಾಸನೆ ಹೊಡೆಯಿತು, ಅದನ್ನೂ ತೆಗೆದಳು. 'ಕಾಲ ನನ್ನನ್ನು ಕರೆಯುತ್ತಿದೆ' ಎಂಬಲ್ಲಿ ಕಾಲಕ್ಕೆ ಬಾಯಿ ಬಂದಿತ್ತು, ಅದರ ಬಾಯಿ ಮುಚ್ಚಿಸಿದಳು. ಕೊನೆಗೆ ಮೂರು ಮೊಂಡು ವಾಕ್ಯ ಉಳಿದವು. ಸಮಾಧಾನದಿಂದ ಟೀ ಕುಡಿಯುತ್ತಾ ಓದಿದವಳು ಲೋಟ ಕೆಳಗಿಟ್ಟಳು. ಮೂರು! ತಾನೇ ಊರಿಗೆಲ್ಲ ಕಲಿಸಿದ ಮೂರರ ಕಟ್ಟು! ಅದನ್ನು ಮುರಿಯಲೆಂದೇ ನಾಲ್ಕನೆಯದೊಂದನ್ನು ಸೇರಿಸಿದಳು. ಕಾಗದ ಹೀಗಿತ್ತು:

'ನಾನು ಆಗಸ್ಟ್ ಕೊನೆಗೆ ಕೆಲಸ ಬಿಡುತ್ತೇನೆ. ನನ್ನ ಅಕ್ಕನ ಮನೆಗೆ ಹೋಗುತ್ತೇನೆ. ಕೋಣೆಯ ಬೀಗದ ಕೈ ಮೇಜಿನ ಮೇಲೆ ಇಡುತ್ತೇನೆ. ವಾಪಸ್ಸು ಬರುವುದಿಲ್ಲ.'

ಇಂಥ ಬೋಳು ಬರಹವನ್ನು ಅವಳು ಜನ್ಮದಲ್ಲಿ ಬರೆದಿರಲಿಲ್ಲ. ಇದರಲ್ಲಿ ಕೈ ಹಾಕುವುದಕ್ಕೆ ಯಾರಿಗೂ ಹಿಡಿ ಸಿಗುವುದಿಲ್ಲ ಎಂದುಕೊಂಡು ಸೋಮವಾರ ಹೆಡ್‌ಮಾಸ್ಟರ ಕೋಣೆಯಲ್ಲಿ ಕೊಟ್ಟು ಬಂದಳು.

ವಾರವೆಲ್ಲ ಉತ್ತರವಿಲ್ಲ. ಶುಕ್ರವಾರ, ಅಂದರೆ ಮೇ ಕೊನೆಯ ರಜೆಗೆ ಶಾಲೆ ಮುಚ್ಚುವ ದಿನ, ಮಧ್ಯಾಹ್ನ ಸಿಬ್ಬಂದಿ ಕೋಣೆಯಲ್ಲಿ ಅವಳ ಹೆಸರಿನ ಅಂಚೆ ಗೂಡಿನಲ್ಲಿ ಕಾಗದ ಬಂದು ಕೂತಿತ್ತು. ಸಹಿ ಇರಲಿಲ್ಲ. ಅಂಚಿನ ತುಂಬ ಹಸಿರು ಶಾಯಿ. 'ಸಣ್ಣ ವಾಕ್ಯಗಳಿಂದ ಉದ್ವೇಗ ಏರುತ್ತದೆ. ಬೀಗದ ಕೈ: ಸಂಕೇತ. ಬಂಧನವೋ ಬಿಡುಗಡೆಯೋ? ಲೇಖಕಿ ಹೇಳದೆ ಬಿಡುತ್ತಾಳೆ. ಕೊನೆಯ ವಾಕ್ಯ ಓದುಗನ ಎದೆಯಲ್ಲಿ ಉಳಿಯುತ್ತದೆ. ಮಿಸ್, ಇಷ್ಟು ವರ್ಷದಲ್ಲಿ ನಿಮ್ಮ ಅತ್ಯುತ್ತಮ ಬರಹ. ಪೂರ್ತಿ ಅಂಕ.'

ನೋರೀನ್ ಪುಸ್ತಕದ ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು. ಕಿಷ್ಕಿಂಧೆಯಂಥ ಜಾಗ, ಮೂರು ಕಡೆ ಹಳೆಯ ಪ್ರಶ್ನೆಪತ್ರಿಕೆಗಳ ಗೋಡೆ. ಮೇಲೆ ಅಂಗೈಯಗಲದ ಗಾಜಿನಿಂದ ಬಿಸಿಲು ಬೀಳುತ್ತಿತ್ತು. ಕಥೆಗಳಲ್ಲಾದರೆ ಇಂಥ ಹೊತ್ತಿಗೆ ಆಕಾಶವೂ ಅಳಬೇಕು, ಹಾಗೆಂದು ಅವಳೇ ಕಲಿಸಿದ್ದಳು. ಮಳೆಗೇ ಹೆಸರಾದ ರೇಕ್‌ಡೆನ್ನಿನ ಆಕಾಶ ಆ ದಿನ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಪಾಠ ತಲೆಗೆ ಹತ್ತದವರು ಊರಿನಲ್ಲಿ ಇನ್ನೂ ಒಬ್ಬರಾದರೂ ಇದ್ದಾರಲ್ಲ ಎಂದು ಅವಳಿಗೆ ಒಂದು ಗಳಿಗೆ ಸಮಾಧಾನವಾಯಿತು.

ಆಮೇಲೆ ಅಳು ಬಂತು. ಇನ್ನು ಸ್ವಲ್ಪ ಹೊತ್ತಿಗೆ ಗಂಟೆ ಹೊಡೆಯುತ್ತದೆ. ಎಲ್ಲರೂ ರಜೆಗೆ ಹೋಗುತ್ತಾರೆ. ಅವರು ವಾಪಸ್ಸು ಬರುವಾಗ ಜೂನ್. ದೋಣಿ ರಿಪೇರಿಯವನು ಅವಳ ಕಿಟಕಿಯಲ್ಲಿ ಕಾಲು ಚಾಚಿ ಕೂರುತ್ತಾನೆ. ಮೂಗು ಒರೆಸಲು ಏನೂ ಸಿಗದೆ ಅವಳು ಪಕ್ಕದ ರಾಶಿಯಿಂದ ಒಂದು ಪ್ರಶ್ನೆಪತ್ರಿಕೆ ಎಳೆದುಕೊಂಡಳು. ಒರೆಸುವ ಮೊದಲು, ಅಭ್ಯಾಸಬಲದಿಂದ, ಓದಿದಳು.

ಒಂದನೆಯ ಪ್ರಶ್ನೆ: ಕೊಟ್ಟಿರುವ ಭಾಗದಿಂದ ನಾಲ್ಕು ಸಂಗತಿಗಳನ್ನು ಆರಿಸಿ ಬರೆಯಿರಿ.

ಅಷ್ಟೇ. ಅಲಂಕಾರ ಬೇಡ, ಪರಿಣಾಮ ಬೇಡ, ಓದುಗನ ಎದೆ ಬೇಡ. ಬರೆದವರು ಹೇಳಿದ್ದನ್ನು ಹಾಗೇ ತಿರುಗಿ ಹೇಳಿದರೆ ಆಯಿತು. ಪ್ರತಿ ಪತ್ರಿಕೆಯಲ್ಲೂ ಈ ಪ್ರಶ್ನೆ ಮೊದಲು ಬರುತ್ತದೆ, ಪ್ರತಿ ವರ್ಷವೂ ನೋರೀನ್ ಅದನ್ನು ಬೆರಳಿನಿಂದ ಹಾರಿಸಿಬಿಡುತ್ತಿದ್ದಳು. "ಇದನ್ನ ಕತ್ತೆನೂ ಬರಿಯತ್ತೆ, ಮುಂದಕ್ಕೆ ನಡೀರಿ!" ಎನ್ನುತ್ತಿದ್ದಳು. ಮಕ್ಕಳು ನಗುತ್ತಾ ಮುಂದಕ್ಕೆ ನಡೆಯುತ್ತಿದ್ದರು. ಹಾಗೆ ನಡೆದವರು ಡಾಕ್ಟರಾಗಿದ್ದಾರೆ, ಮಾಂಸ ಮಾರುತ್ತಿದ್ದಾರೆ, ಶಾಲೆ ನಡೆಸುತ್ತಿದ್ದಾರೆ. ಒಂದನೆಯ ಪ್ರಶ್ನೆಯನ್ನು ಈ ಊರಿನಲ್ಲಿ ಅವಳು ಒಬ್ಬರಿಗೂ ಕಲಿಸಿರಲಿಲ್ಲ.

ಅವಳು ಮೂಗನ್ನು ತೋಳಿಗೇ ಒರೆಸಿಕೊಂಡು ಎದ್ದಳು.

ಡ್ಯಾರೆನ್ ಕೋಟಿನ ಗುಂಡಿ ಹಾಕಿಕೊಂಡು ಹೊರಡುವುದರಲ್ಲಿದ್ದ. "ಬನ್ನಿ ಮಿಸ್! ನನ್ನ ಟಿಪ್ಪಣಿ ನೋಡಿದ್ರಾ? ಆ ಬೀಗದ ಕೈ—"

"ಕೂತ್ಕೋ ಡ್ಯಾರೆನ್."

"ಮಿಸ್, ಹೆಂಡ್ತಿ ಮಕ್ಳು ಕಾರಲ್ಲಿ ಕಾಯ್ತಿದ್ದಾರೆ, ವೇಲ್ಸಿಗೆ—"

"ಕೂತ್ಕೋ."

ಸೂಟಿನೊಳಗಿನ ಮಂಡಿಗಳು ಹೆಡ್‌ಮಾಸ್ಟರ ಅಪ್ಪಣೆ ಕೇಳದೆ ತಾವೇ ಮಡಿಸಿಕೊಂಡವು. ನೋರೀನ್ ಅವನ ಮುಂದೆ ರಾಜೀನಾಮೆಯ ಚೊಕ್ಕ ಪ್ರತಿಯೊಂದನ್ನು ಇಟ್ಟಳು, ಗೆರೆ ಹಾಕಿದ ಒಂದು ಹಾಳೆ ಇಟ್ಟಳು, ಅವನು ಜೇಬಿನಿಂದ ತೆಗೆದ ಹಸಿರು ಪೆನ್ನು ಕಿತ್ತುಕೊಂಡು ನೀಲಿ ಪೆನ್ನು ಕೊಟ್ಟಳು.

"ಒಂದನೇ ಪ್ರಶ್ನೆ. ಇದರಿಂದ ನಾಲ್ಕು ಸಂಗತಿ ಬರಿ."

ಡ್ಯಾರೆನ್ ನಕ್ಕ. "ಒಂದನೇ ಪ್ರಶ್ನೆನಾ? ಅದು ಕತ್ತೆಗಳಿಗೆ ಅಂತ ನೀವೇ ಅಂತಿದ್ರಿ."

"ಹೂಂ. ಬರಿ."

ಅವನು ಬಗ್ಗಿ ಬರೆಯತೊಡಗಿದ. 'ಲೇಖಕಿಯು ಅಗಲಿಕೆಯ ಭಾವವನ್ನು—'

"ಹೊಡೆದು ಹಾಕು. ಭಾವ ಕೇಳಿಲ್ಲ."

'ಬೀಗದ ಕೈಯ ಮೂಲಕ—'

"ಬೀಗದ ಕೈ ಎಲ್ಲಿರತ್ತೆ?"

"ಅದು... ಎರಡು ರೀತಿ ಅರ್ಥ ಮಾಡ್ಬೋದು ಮಿಸ್—"

"ಎಲ್ಲಿರತ್ತೆ ಡ್ಯಾರೆನ್?"

"ಮೇಜಿನ ಮೇಲೆ."

"ಅದನ್ನ ಬರಿ."

ಬರೆದ. ಹೊರಗೆ ಗಂಟೆ ಹೊಡೆಯಿತು. ಮಕ್ಕಳು ಬೆಟ್ಟ ಕುಸಿದ ಹಾಗೆ ಮೆಟ್ಟಿಲು ಇಳಿದುಹೋದರು. ಕಾರಿನ ಹಾರ್ನು ಒಂದೆರಡು ಸಲ ಕೇಳಿಸಿತು. ಡ್ಯಾರೆನ್‌ನ ಹಣೆಯಲ್ಲಿ ಬೆವರು ಹನಿಯಿತು. ಹೇಳಿದ್ದನ್ನು ಹೇಳಿದ ಹಾಗೇ ಬರೆಯುವುದು ಅಭ್ಯಾಸವಿಲ್ಲದವರಿಗೆ ಗದ್ದೆ ಅಗೆದಷ್ಟು ಕಷ್ಟ. ಆಗಸ್ಟ್ ಕೊನೆಗೆ ಕೆಲಸ ಬಿಡುತ್ತಾರೆ ಎಂದು ಬರೆದ. ಅಕ್ಕನ ಮನೆಗೆ ಹೋಗುತ್ತಾರೆ ಎಂದು ಬರೆದ. ನಾಲ್ಕನೆಯದಕ್ಕೆ ಬಂದವನು ಪೆನ್ನು ಕೆಳಗಿಟ್ಟ.

"ಇದನ್ನ ಬರೆಯಲ್ಲ ಮಿಸ್."

"ಯಾಕೆ, ಸಿಗ್ಲಿಲ್ವಾ?"

"ಸಿಕ್ತು. ಮೊದಲನೇ ವರ್ಷವೇ ಸಿಕ್ಕಿತ್ತು." ಅವನು ಅವಳ ಕಡೆ ನೋಡಲಿಲ್ಲ. "ಸಭೆಲಿ ಓದ್ವಾಗ ನಾನು ಅತ್ತಿದ್ದು ಯಾಕೆ ಅಂದ್ಕೊಂಡ್ರಿ? ಆ ದೋಣಿ ರೂಪಕಕ್ಕಾ? ಅದೇನು ಅಷ್ಟು ಚೆನ್ನಾಗಿರಲಿಲ್ಲ ಮಿಸ್, ಕ್ಷಮಿಸಿ."

ನೋರೀನ್ ಎದುರಿನ ಕುರ್ಚಿಯಲ್ಲಿ ಕೂತಳು. ಇಷ್ಟು ಕಾಲ ತಾನು ಸಿಕ್ಕಿಕೊಂಡದ್ದು ಪೆದ್ದರ ನಡುವೆ ಎಂದುಕೊಂಡಿದ್ದಳು. ಬೋನಿನ ಬಾಗಿಲನ್ನು ಒಬ್ಬ ತಿಳಿದೂ ತಿಳಿದೂ ಹಿಡಿದುಕೊಂಡು ನಿಂತಿದ್ದ; ಹಿಡಿಯುವುದು ಹೇಗೆಂದು ಅವಳೇ ಕಲಿಸಿಕೊಟ್ಟಿದ್ದಳು.

"ನೀವು ಹೋದ್ರೆ ಫಲಿತಾಂಶ ಬೀಳತ್ತೆ," ಎಂದ ಡ್ಯಾರೆನ್. "ಫಲಿತಾಂಶ ಬಿದ್ರೆ ಬೇರೆ ಬೇರೆ ಶಾಲೆ ನಡೆಸೋ ಆ ಪಕ್ಕದೂರಿನ ಟ್ರಸ್ಟಿನವ್ರು ಬಾಯಿ ತೆರ್ಕೊಂಡು ಕೂತಿದ್ದಾರೆ, ಈ ಶಾಲೆನ ನುಂಗಿ ನೀರು ಕುಡೀತಾರೆ."

ಎಷ್ಟು ಸವೆದ ರೂಪಕ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಆಡದೆ ತಡೆಯುವುದಕ್ಕೆ ಅವಳು ಹಲ್ಲು ಕಚ್ಚಬೇಕಾಯಿತು. ಕಚ್ಚಿಕೊಂಡ ಮೇಲೆ, ಮೊದಲ ಸಲ, ಅವನು ಹೇಳಿದ್ದು ಕೇಳಿಸಿತು. ಹುಡುಗ ಹೆದರಿದ್ದ.

"ಯಾವಾಗ ಬರ್ತಾರೆ ಅವರು?" ಎಂದು ಕೇಳಿದಳು.

"ಮುಂದಿನ ವರ್ಷದ ಅಂಕ ನೋಡಿ. ಒಂದೇ ಒಂದು ವರ್ಷ ಮಿಸ್. ಆಮೇಲೆ ನಾನೇ ನಿಮ್ಮ ಪೆಟ್ಟಿಗೆ ಹೊತ್ಕೊಂಡು ಬಿಟ್ಟು ಬರ್ತೀನಿ."

ಅವನ ದನಿಯಲ್ಲಿ ಅಲಂಕಾರವಿರಲಿಲ್ಲ. ಅದೇ ಅವಳನ್ನು ಹಿಂದಕ್ಕೆ ಎಳೆಯಿತು. ಹೊಗಳಿಕೆಯಿಂದ ಕಟ್ಟಿದ ಹಗ್ಗವನ್ನು ಕತ್ತರಿಸಬಹುದು. ಇವನ ಕಷ್ಟ ನಿಜವಾದದ್ದು. ಆಗಲಿ ಎಂದುಬಿಟ್ಟರೆ ಒಂದು ವರ್ಷ. ಆ ವರ್ಷದ ಕೊನೆಯಲ್ಲಿ ಇನ್ನೊಂದು ನಿಜವಾದ ಕಷ್ಟ ಇರುತ್ತದೆ. ಶಾಲೆಗಳಲ್ಲಿ ಕಷ್ಟಕ್ಕೆ ಬರವೇ?

"ನಂಗೆ ನಿನ್ನ ಭಯ ಅರ್ಥ ಆಯ್ತು," ಎಂದಳು. "ಅರ್ಥ ಆದ್ಮೇಲೂ ನಾನು ಹೋಗ್ತೀನಿ. ನಾಲ್ಕನೇದು ಬರಿ."

"ಬರೆದ್ರೆ ನಿಜ ಆಗತ್ತೆ."

"ಬರೀದೇ ಇದ್ರೂ ನಿಜಾನೇ ಕಣಪ್ಪ."

ಹಾರ್ನು ಮತ್ತೆ ಕೂಗಿತು, ಈ ಸಲ ಬಿಡದೆ. ಡ್ಯಾರೆನ್ ಪೆನ್ನು ಎತ್ತಿಕೊಂಡು 'ವಾಪಸ್ಸು ಬರುವುದಿಲ್ಲ' ಎಂದು ಮಗುವಿನ ಹಾಗೆ ಒತ್ತಿ ಒತ್ತಿ ಬರೆದ. ಆಮೇಲೆ ರಾಜೀನಾಮೆಯನ್ನು ಹತ್ತಿರ ಎಳೆದುಕೊಂಡು ಕೆಳಗೆ ಸಹಿ ಹಾಕಿ, ಮಂಡಳಿಯವರ ಲಕೋಟೆಯೊಳಗೆ ಇಟ್ಟು, ನಾಲಿಗೆಯಿಂದ ಅಂಚು ಒದ್ದೆ ಮಾಡಿ ಅಂಟಿಸಿದ.

"ಪರವಾಗಿಲ್ವಾ ಮಿಸ್?"

"ಪರವಾಗಿಲ್ಲ" ಎಂದಳು. ಆ ಕಡೆಯ ಜನ ಸ್ವರ್ಗವನ್ನು ಕಂಡರೂ ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಲಕೋಟೆಯನ್ನು ತಾನೇ ತೆಗೆದುಕೊಂಡು ಹೋಗಿ ಆಫೀಸಿನವರು ಬೀಗ ಹಾಕುವ ಮೊದಲು ಅವರ ಕೈಗಿತ್ತಳು. ಎದ್ದೇಳು ಎಂದು ಡ್ಯಾರೆನ್‌ಗೆ ಹೇಳುವುದು ಮರೆತುಹೋಗಿತ್ತು. ಹೆಂಡತಿ ಕಾರಿನಿಂದ ಇಳಿದು ಬಂದು ಕರೆದುಕೊಂಡು ಹೋಗುವ ತನಕ ಅವನು ಕೂತೇ ಇದ್ದನಂತೆ.

ಬಸ್ಸಿನ ನಿಲ್ದಾಣದಲ್ಲಿ ನೋರೀನ್ ಅಕ್ಕನಿಗೆ ಫೋನು ಮಾಡಿದಳು.

"ಆಗಸ್ಟ್ ಕೊನೆಗೆ ಬರ್ತೀನಿ. ಸಹಿ ಆಯ್ತು."

ಆ ಕಡೆ ಟೀ ಲೋಟಗಳ ಸದ್ದು, ಕಡಲಹಕ್ಕಿಗಳ ಸದ್ದು.

"ಹಾಸಿಗೆಗೆ ಚಾದರ ನೀನೇ ತರಬೇಕು," ಎಂದಳು ಅಕ್ಕ. "ದೊಡ್ಡದು ತರಬೇಡ. ಮಂಚ ಚಿಕ್ಕದು."